ಆಡಿದವಳೇ ಆಡಿಸಬೇಕು



ಮಣಿಪುರದ ಇಂಫಾಲದಲ್ಲಿ ಒಬ್ಬ ಹುಡುಗಿ ಇದ್ದಳು. ಓಣಿಯ ಹುಡುಗರ ಜೊತೆ ಕಾಲ್ಚೆಂಡು ಆಡುವುದೆಂದರೆ ಅವಳಿಗೆ ಪ್ರಾಣ. ಹುಡುಗಿ ಎಂದು ಗೊತ್ತಾದರೆ ಆಟಕ್ಕೆ ಸೇರಿಸುವುದಿಲ್ಲ. ಅದಕ್ಕೆ ಕೂದಲು ಗಿಡ್ಡ ಮಾಡಿಕೊಂಡು, ಹೆಸರು ಕೇಳಿದವರಿಗೆ ‘ಬೋಬೋ’ ಎಂದೋ ‘ಆಮ್ಕೋ’ ಎಂದೋ ಹೇಳಿ ಮೈದಾನಕ್ಕೆ ಇಳಿಯುತ್ತಿದ್ದಳು. ಅವಳ ನಿಜವಾದ ಹೆಸರು ಓಯಿನಾಮ್ ಬೆಂಬೆಮ್ ದೇವಿ. ಹುಟ್ಟಿದ್ದು 1980ರ ಏಪ್ರಿಲ್ 4ರಂದು. ಹೆಸರು ಮರೆಸಿಕೊಂಡು ಆಡಿದ ಆ ಹುಡುಗಿಗೆ 2020ರಲ್ಲಿ ಪದ್ಮಶ್ರೀ ಬಂತು. ಭಾರತದ ಮಹಿಳಾ ಫುಟ್‌ಬಾಲ್ ಆಟಗಾರ್ತಿಯೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಇವತ್ತಿನ ನನ್ನ ಮಾತು ಬೆಂಬೆಮ್ ಅವರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅವರು ಆಟ ನಿಲ್ಲಿಸುವ ಹೊತ್ತಿಗೆ ಹಿಡಿದ ದಾರಿಯ ಬಗ್ಗೆ. ಆಟಗಾರ್ತಿಯೊಬ್ಬಳು ಕೋಚ್ ಆಗುವುದು ಅವಳ ಸ್ವಂತ ಬದುಕಿನ ವಿಚಾರ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನನ್ನ ಅಭಿಪ್ರಾಯ ಬೇರೆ. ಅದು ಅವಳ ನಂತರ ಬರುವ ನೂರಾರು ಹುಡುಗಿಯರ ವಿಚಾರ.

ನಾನಿರುವುದು ಸೇಲಂ ಜಿಲ್ಲೆಯ ಏರ್ಕಾಡಿನಲ್ಲಿ. ಕೆಳಗೆ ಸೇಲಂ, ಆಚೆಗೆ ಧರ್ಮಪುರಿ. ಅಲ್ಲಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಕನ್ನಡವೇ ಮನೆಮಾತು. ಮಕ್ಕಳು ಓದುವುದು ತಮಿಳಿನಲ್ಲಿ, ಅಜ್ಜಿಯ ಹತ್ತಿರ ಜಗಳವಾಡುವುದು ಕನ್ನಡದಲ್ಲಿ. ಕಾಫಿ ತೋಟ, ಕಿತ್ತಳೆ, ಮೆಣಸಿನ ಬಳ್ಳಿಗಳ ಈ ಬೆಟ್ಟದ ಊರಿನಲ್ಲಿ ಸಮತಟ್ಟಾದ ನೆಲವೇ ಅಪರೂಪ. ಇರುವ ಅಷ್ಟಿಷ್ಟು ನೆಲ ಶಾಲೆ ಬಿಟ್ಟ ಮೇಲೆ ಹುಡುಗರ ಪಾಲಾಗುತ್ತದೆ. ಹುಡುಗಿಯರು ಅಂಚಿನಲ್ಲಿ ನಿಂತು ನೋಡುತ್ತಾರೆ. ಇದು ಏರ್ಕಾಡಿನ ಮಾತಷ್ಟೇ ಅಲ್ಲ, ಕೊಳ್ಳೇಗಾಲದಲ್ಲಾಗಲಿ ಕಾಸರಗೋಡಿನಲ್ಲಾಗಲಿ ನೋಡಿ, ಹೀಗೇ ಇರುತ್ತದೆ. ಅಂಚಿನಲ್ಲಿ ನಿಂತ ಆ ಮಗುವನ್ನು ಕೈಹಿಡಿದು ಒಳಗೆ ಕರೆಯುವವರು ಯಾರು? ಬೆಂಬೆಮ್ ಅವರ ಕಥೆ ಓದುವಾಗೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು.

ಮಣಿಪುರ ಚಿಕ್ಕ ರಾಜ್ಯ. ಆದರೆ ಹಿರಿಯ ಮಹಿಳೆಯರ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ ಅನ್ನು 20ಕ್ಕೂ ಹೆಚ್ಚು ಸಲ ಗೆದ್ದಿದೆ. ಅಲ್ಲಿ ಬಡಾವಣೆಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಮೈದಾನ. ಇಂಫಾಲದ ಪ್ರಸಿದ್ಧ ‘ಇಮಾ ಕೈಥೆಲ್’, ಅಂದರೆ ತಾಯಂದಿರ ಮಾರುಕಟ್ಟೆ, ಪೂರ್ತಿ ಹೆಂಗಸರೇ ನಡೆಸುವಂಥದ್ದು. ಹೆಂಗಸು ಮನೆಯಿಂದ ಹೊರಗೆ ಬಂದು ದುಡಿಯುವುದು, ಗಟ್ಟಿಯಾಗಿ ಮಾತಾಡುವುದು ಅಲ್ಲಿ ವಿಶೇಷವೇನಲ್ಲ. ಅಂಥ ಊರಿನಲ್ಲೂ ಹುಡುಗಿಯೊಬ್ಬಳು ಹುಡುಗನ ಹೆಸರಿನಲ್ಲಿ ಆಡಬೇಕಾಯಿತು ಎಂದರೆ ಉಳಿದ ಕಡೆ ಹೇಗಿದ್ದಿರಬಹುದು, ನೀವೇ ಊಹಿಸಿಕೊಳ್ಳಿ.

1991ರಲ್ಲಿ ಬೆಂಬೆಮ್ ಮಣಿಪುರದ ಕಿರಿಯರ ತಂಡಕ್ಕೆ ಆಯ್ಕೆಯಾದರು. 1995ರಲ್ಲಿ ಮಲೇಷ್ಯಾದಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆದಾಗ ಗುವಾಮ್ ವಿರುದ್ಧ ಭಾರತದ ಅಂಗಿ ತೊಟ್ಟರು. ಆಗ ವಯಸ್ಸು ಹದಿನೈದು. ಮಿಡ್‌ಫೀಲ್ಡ್ ಅವರ ಜಾಗ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಒದಗಿಸುವ ಜಾಗ ಅದು. ಅಲ್ಲಿ ಆಡುವವರು ಮೈದಾನವನ್ನೆಲ್ಲ ಓದುತ್ತಲೇ ಇರಬೇಕು. ಯಾರು ದಣಿದಿದ್ದಾರೆ, ಎದುರಾಳಿಯ ಯಾವ ಬದಿ ತೆರವಾಗಿದೆ, ಈಗ ಆಟದ ವೇಗ ಏರಿಸಬೇಕೋ ಇಳಿಸಬೇಕೋ, ಎಲ್ಲವೂ ತಲೆಯಲ್ಲಿರಬೇಕು. ಒಳ್ಳೆಯ ಕೋಚ್‌ಗಳಲ್ಲಿ ಅನೇಕರು ಮಿಡ್‌ಫೀಲ್ಡ್‌ನಿಂದ ಬಂದವರು ಎಂಬುದು ಸಹಜವೇ. ಅವರು ಆಡುವಾಗಲೇ ಅರ್ಧ ಕೋಚ್ ಆಗಿರುತ್ತಾರೆ.

2003ರ ಹೊತ್ತಿಗೆ ಬೆಂಬೆಮ್ ಭಾರತ ತಂಡದ ನಾಯಕಿ. ಮಣಿಪುರ ಪೊಲೀಸ್ ಇಲಾಖೆಯ ನೌಕರಿ ಅವರ ಹೊಟ್ಟೆಪಾಡನ್ನು ನೋಡಿಕೊಂಡಿತು. ಇದು ಸಣ್ಣ ಸಂಗತಿಯಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್‌ನಿಂದ ಸಂಬಳ ಬರುವ ಮಾತೇ ಇರಲಿಲ್ಲ. ಪೊಲೀಸ್ ಇಲಾಖೆ, ರೈಲ್ವೆ ಇವುಗಳ ನೌಕರಿ ಸಿಕ್ಕವರು ಆಟದಲ್ಲಿ ಉಳಿದರು. ಸಿಗದವರು ಮದುವೆಯಾಗಿ ಹೋದರು, ಅಂಗಡಿಯಲ್ಲಿ ಕೂತರು, ಹೊಲಕ್ಕೆ ಮರಳಿದರು. ಅವರಲ್ಲಿ ಎಷ್ಟು ಮಂದಿ ಒಳ್ಳೆಯ ಕೋಚ್ ಆಗಬಹುದಿತ್ತೋ ಲೆಕ್ಕ ಇಟ್ಟವರಿಲ್ಲ.

ಇನ್ನು ನಾನು ಹೇಳಹೊರಟಿರುವುದು ನೋವಿನ ಭಾಗ. 2007ರಿಂದ 2009ರವರೆಗೆ ಭಾರತದ ಮಹಿಳಾ ತಂಡಕ್ಕೆ ಅಂತರರಾಷ್ಟ್ರೀಯ ಪಂದ್ಯಗಳೇ ಇಲ್ಲದಂತಾಯಿತು. ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಆಡದ ಕಾರಣಕ್ಕೆ 2009ರ ಜೂನ್‌ನಲ್ಲಿ ಫಿಫಾ ತನ್ನ ರ‍್ಯಾಂಕಿಂಗ್ ಪಟ್ಟಿಯಿಂದ ಭಾರತದ ಹೆಸರನ್ನೇ ತೆಗೆಯಿತು. ಇದೇ ತಂಡದ ಹಿಂದಿನ ಪೀಳಿಗೆ 1980ರಲ್ಲಿ ಕೋಯಿಕ್ಕೋಡಿನಲ್ಲಿ, ಮತ್ತೆ 1983ರಲ್ಲಿ ಬ್ಯಾಂಕಾಕಿನಲ್ಲಿ ಏಷ್ಯಾದ ಎರಡನೇ ಸ್ಥಾನ ಪಡೆದಿತ್ತು! ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತಕ್ಕೆ ಆಡಿದ ಪೀಳಿಗೆ ಅದು. ಬಂಗಾಳದ ಶಾಂತಿ ಮಲ್ಲಿಕ್ 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ನಂತರ ಇನ್ನೊಬ್ಬ ಮಹಿಳಾ ಫುಟ್‌ಬಾಲ್ ಆಟಗಾರ್ತಿಗೆ ಆ ಪ್ರಶಸ್ತಿ ಬಂದದ್ದು 2017ರಲ್ಲಿ, ಬೆಂಬೆಮ್ ಅವರಿಗೆ. ನಡುವೆ ಮೂವತ್ತನಾಲ್ಕು ವರ್ಷ. ಅಷ್ಟು ವರ್ಷ ಆಡಿದವರೇ ಇರಲಿಲ್ಲವೇ? ಇದ್ದರು. ನೋಡುವ ಕಣ್ಣುಗಳು ಇರಲಿಲ್ಲ.

ಇಪ್ಪತ್ತೇಳರಿಂದ ಇಪ್ಪತ್ತೊಂಬತ್ತರ ವಯಸ್ಸು ಮಿಡ್‌ಫೀಲ್ಡ್ ಆಟಗಾರ್ತಿಗೆ ಬುದ್ಧಿ ಮಾಗುವ, ಕಾಲು ಇನ್ನೂ ಚುರುಕಾಗಿರುವ ಕಾಲ. ಆ ವರ್ಷಗಳನ್ನು ಬೆಂಬೆಮ್ ಅಂತರರಾಷ್ಟ್ರೀಯ ಪಂದ್ಯವಿಲ್ಲದೆ ಕಳೆದರು. ಆಟ ಬಿಟ್ಟುಬಿಡಲು ಅವರಿಗೆ ಎಲ್ಲ ಕಾರಣಗಳೂ ಇದ್ದವು. ಬಿಡಲಿಲ್ಲ. 2010ರಲ್ಲಿ ಢಾಕಾದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗ ತಂಡದ ಮುಂದೆ ಅವರೇ ಇದ್ದರು. ಅದೇ ವರ್ಷ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಗೆಲುವು, ಮತ್ತೆ 2012ರಲ್ಲಿ, ಮತ್ತೆ 2014ರಲ್ಲಿ. 2014ರಲ್ಲಿ ಸಿಕ್ಕಿಂನ ಲಾಕೋ ಫುತಿ ಭುಟಿಯಾ ಅವರ ಜೊತೆ ಮಾಲ್ಡೀವ್ಸ್‌ಗೆ ಹೋಗಿ ‘ನ್ಯೂ ರೇಡಿಯಂಟ್’ ಕ್ಲಬ್ಬಿಗೆ ಆಡಿ ಅಲ್ಲಿನ ಲೀಗ್ ಗೆದ್ದು ಬಂದರು. 2016ರ ಫೆಬ್ರವರಿಯಲ್ಲಿ ಶಿಲ್ಲಾಂಗಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫೈನಲ್. ನೇಪಾಳವನ್ನು ಭಾರತ 4-0ಯಿಂದ ಸೋಲಿಸಿತು. ಚಿನ್ನದ ಪದಕ ಕೊರಳಲ್ಲಿಟ್ಟುಕೊಂಡೇ ಬೆಂಬೆಮ್ ಭಾರತ ತಂಡಕ್ಕೆ ವಿದಾಯ ಹೇಳಿದರು.

ಈಗ ಒಂದು ವಿಷಯ ಗಮನಿಸಿ. ಗಂಡಸರ ರಾಷ್ಟ್ರೀಯ ಲೀಗ್ ನಮ್ಮ ದೇಶದಲ್ಲಿ ಶುರುವಾದದ್ದು 1996ರಲ್ಲಿ. ಹೆಂಗಸರ ಲೀಗ್, ಅಂದರೆ ಇಂಡಿಯನ್ ವಿಮೆನ್ಸ್ ಲೀಗ್, ಶುರುವಾದದ್ದು 2017ರ ಜನವರಿಯಲ್ಲಿ. ಬೆಂಬೆಮ್ ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ! ಇಪ್ಪತ್ತು ವರ್ಷ ದೇಶಕ್ಕಾಗಿ ಆಡಿದವರಿಗೆ ದೇಶದ ಲೀಗ್ ಕಣ್ಣಿಗೆ ಬಿದ್ದದ್ದು ಭಾರತ ತಂಡದ ಆಟ ಮುಗಿದ ಮೇಲೆ. ಬೇರೆಯವರಾಗಿದ್ದರೆ ಕೊರಗಿ ಕೂತುಬಿಡುತ್ತಿದ್ದರೇನೋ. ಇವರು ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ತಂಡದ ಹೊಣೆ ಹೊತ್ತರು. ಆಟಗಾರ್ತಿಯೂ ಅವರೇ, ತಂಡ ನಡೆಸುವವರೂ ಅವರೇ. 2017ರ ಫೆಬ್ರವರಿ 14ರಂದು ದೆಹಲಿಯಲ್ಲಿ ನಡೆದ ಮೊದಲ ಲೀಗಿನ ಫೈನಲ್‌ನಲ್ಲಿ ಅವರ ತಂಡ ಒಡಿಶಾದ ರೈಸಿಂಗ್ ಸ್ಟೂಡೆಂಟ್ ಕ್ಲಬ್ಬನ್ನು 3-0ಯಿಂದ ಸೋಲಿಸಿತು. ಆ ತಂಡದಲ್ಲಿ ಗೋಲಿನ ಮೇಲೆ ಗೋಲು ಹೊಡೆದವರು ಯುಮ್ನಾಮ್ ಕಮಲಾ ದೇವಿ. ಭಾರತದ ಅಂಗಿಯಲ್ಲಿ ಬೆಂಬೆಮ್ ಜೊತೆ ವರ್ಷಗಟ್ಟಲೆ ಆಡಿದವರು ಅವರು. ಅಕ್ಕ ಚೆಂಡು ಎಲ್ಲಿಗೆ ಕೊಡುತ್ತಾಳೆ ಎಂದು ತಂಗಿಗೆ ಗೊತ್ತು, ತಂಗಿ ಯಾವಾಗ ಓಡುತ್ತಾಳೆ ಎಂದು ಅಕ್ಕನಿಗೆ ಗೊತ್ತು. ಪುಸ್ತಕ ಓದಿ ಬರುವ ತಿಳಿವಳಿಕೆಯಲ್ಲ ಇದು.

ಹಾಗಂತ ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂದು ನಾನು ಹೇಳುವುದಿಲ್ಲ. ಕಲಿಸುವುದು ಬೇರೆಯೇ ವಿದ್ಯೆ. ಅದಕ್ಕೆ ಕ್ರಮವಾದ ಓದು ಇದೆ, ಪರೀಕ್ಷೆ ಇದೆ. ಫುಟ್‌ಬಾಲ್ ಕೋಚ್ ಆಗುವವರು ಮೊದಲು ಇ, ಡಿ ಲೈಸೆನ್ಸ್‌ಗಳಿಂದ ಶುರುಮಾಡಿ ಸಿ, ಬಿ, ಎ ಎಂದು ಮೆಟ್ಟಿಲು ಹತ್ತಬೇಕು. ತುದಿಯಲ್ಲಿ ಪ್ರೊ ಲೈಸೆನ್ಸ್. ಪ್ರತಿ ಮೆಟ್ಟಿಲಿಗೂ ಶುಲ್ಕ ಕಟ್ಟಬೇಕು, ಕೋರ್ಸ್ ನಡೆಯುವ ಊರಿಗೆ ಹೋಗಿ ಇರಬೇಕು, ನಡುವೆ ತಂಡವೊಂದಕ್ಕೆ ಕಲಿಸಿದ ಅನುಭವ ತೋರಿಸಬೇಕು. ಕೈಯಲ್ಲಿ ನೌಕರಿ, ಮನೆಯಲ್ಲಿ ಮಗು ಇರುವ ಹೆಣ್ಣುಮಗಳಿಗೆ ಇದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗಂಡು ಆಟಗಾರ ಆಡಿ ಒಂದಿಷ್ಟು ಹಣ ಮಾಡಿಕೊಂಡಿರುತ್ತಾನೆ. ಆ ಹಣದಲ್ಲಿ ಕೋರ್ಸ್ ಮುಗಿಸುತ್ತಾನೆ. ಆಟದಿಂದ ಏನೂ ಸಿಗದ ಹೆಣ್ಣುಮಗಳು ಶುಲ್ಕ ಎಲ್ಲಿಂದ ತರಬೇಕು? ಹೆಣ್ಣು ಕೋಚ್‌ಗಳು ಏಕೆ ಕಡಿಮೆ ಎಂದು ಕೇಳುವವರು ಮೊದಲು ಈ ಲೆಕ್ಕ ಹಾಕಬೇಕು.

ಇಷ್ಟಾದರೂ ಕೆಲವರು ಮೇಲೆ ಬಂದಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ನೀರು ಕುಡಿದವರು. ಅವರ ಹೆಸರು ಲಾಂಗಮ್ ಚಾವೋಬಾ ದೇವಿ. ಅವರೂ ಮಣಿಪುರದವರೇ, ಅವರೂ ಭಾರತಕ್ಕೆ ಆಡಿದವರೇ. ಬೆಂಗಳೂರಿನ ‘ಕಿಕ್‌ಸ್ಟಾರ್ಟ್’ ಕ್ಲಬ್ಬಿನ ಹೆಣ್ಣುಮಕ್ಕಳಿಗೆ ಕೋಚ್ ಆಗಿ ಬಂದು, 2023ರಲ್ಲಿ ಕರ್ನಾಟಕದ ಆ ತಂಡವನ್ನು ರಾಷ್ಟ್ರೀಯ ಲೀಗಿನ ಫೈನಲ್‌ವರೆಗೆ ಕರೆದೊಯ್ದರು. ಅಹಮದಾಬಾದಿನಲ್ಲಿ ಮೇ 21ರಂದು ನಡೆದ ಆ ಫೈನಲ್‌ನಲ್ಲಿ ಗೋಕುಲಂ ಕೇರಳ ತಂಡ 5-0ಯಿಂದ ಗೆದ್ದಿತು. ಸೋಲು ದೊಡ್ಡದೇ. ಆದರೆ ಆ ದಿನಗಳನ್ನು ನೆನಪಿಸಿಕೊಳ್ಳಿ. ಮೇ 3ರಂದು ಮಣಿಪುರದಲ್ಲಿ ಹಿಂಸೆ ಭುಗಿಲೆದ್ದಿತ್ತು. ಊರಿನಲ್ಲಿ ಮನೆಗಳು ಉರಿಯುತ್ತಿದ್ದವು, ಇಂಟರ್ನೆಟ್ ಕಡಿದುಹೋಗಿತ್ತು. ಅದೇ ಹೊತ್ತಿನಲ್ಲಿ ಮಣಿಪುರದ ಎಷ್ಟೋ ಆಟಗಾರ್ತಿಯರು ಅಹಮದಾಬಾದಿನ ಬಿಸಿಲಿನಲ್ಲಿ ಬೂಟು ಕಟ್ಟಿಕೊಂಡು ಆಡುತ್ತಿದ್ದರು. ಅಂಥ ಹುಡುಗಿಯರ ನಡುವೆ ಕೋಚ್ ಆಗಿ ನಿಲ್ಲುವವರಿಗೆ ಆಟದ ತಂತ್ರ ಗೊತ್ತಿದ್ದರೆ ಸಾಕೇ? ರಾತ್ರಿ ನಿದ್ದೆ ಬಾರದೆ ಕೂತ ಹುಡುಗಿಯ ಪಕ್ಕ ಕೂರುವ ಮನಸ್ಸು ಬೇಕು.

ಮುಂದಿನ ವರ್ಷ, 2024ರ ಫೆಬ್ರವರಿಯಲ್ಲಿ, ಚಾವೋಬಾ ದೇವಿ ಭಾರತದ ಹಿರಿಯರ ತಂಡದ ಮುಖ್ಯ ಕೋಚ್ ಆಗಿ ಟರ್ಕಿಗೆ ಹೋದರು. ಅಲಾನ್ಯ ಎಂಬ ಊರಿನಲ್ಲಿ ಎಸ್ಟೋನಿಯಾವನ್ನು ಭಾರತ 4-3ರಿಂದ ಸೋಲಿಸಿತು. ಯೂರೋಪಿನ ದೇಶವೊಂದರ ಹಿರಿಯರ ತಂಡದ ವಿರುದ್ಧ ನಮ್ಮ ಹೆಣ್ಣುಮಕ್ಕಳು ಗೆದ್ದದ್ದು ಅದೇ ಮೊದಲ ಸಲ. ಮನೀಷಾ ಕಲ್ಯಾಣ್ ಎರಡು ಗೋಲು, ಪ್ಯಾರಿ ಕ್ಸಾಕ್ಸಾ ಒಂದು, ಇಂದುಮತಿ ಕದಿರೇಶನ್ ಒಂದು. ಈ ಇಂದುಮತಿ ನಮ್ಮ ತಮಿಳುನಾಡಿನ ಕಡಲೂರಿನವರು, ಪೊಲೀಸ್ ಸಬ್ ಇನ್‌ಸ್ಪೆಕ್ಟರ್. 2018ರಲ್ಲಿ ಕಟಕ್‌ನಲ್ಲಿ ತಮಿಳುನಾಡು ಮಣಿಪುರವನ್ನು ಸೋಲಿಸಿ ಮೊದಲ ಬಾರಿ ರಾಷ್ಟ್ರೀಯ ಚಾಂಪಿಯನ್ ಆದಾಗಲೂ ಫೈನಲ್‌ನಲ್ಲಿ ಗೋಲು ಹೊಡೆದವರು. ಏರ್ಕಾಡಿನ ಹುಡುಗಿಯರಿಗೆ ನಾನು ಈ ಹೆಸರನ್ನು ಮತ್ತೆ ಮತ್ತೆ ಹೇಳುತ್ತೇನೆ. ಇಂಫಾಲ ದೂರ ಇರಬಹುದು, ಕಡಲೂರು ಬಸ್ಸಿನ ದಾರಿ.

ಇನ್ನೊಬ್ಬರು ಕೇರಳದ ಪಿ. ವಿ. ಪ್ರಿಯಾ. 2020ರ ಫೆಬ್ರವರಿ 14ರಂದು ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಗೋಕುಲಂ ಕೇರಳ ಮೊದಲ ಬಾರಿ ಲೀಗ್ ಗೆದ್ದಾಗ ಆ ತಂಡದ ಕೋಚ್ ಇವರು. ಮಣಿಪುರದ ಕ್ರಿಫ್ಸಾ ತಂಡದ ವಿರುದ್ಧ 3-2. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ನೇಪಾಳದ ಸಾಬಿತ್ರಾ ಭಂಡಾರಿ ಗೆಲುವಿನ ಗೋಲು ಹೊಡೆದರು. ಕೇರಳದ ಗಂಡಸರ ಕ್ಲಬ್ಬುಗಳು ಆವರೆಗೆ ರಾಷ್ಟ್ರೀಯ ಲೀಗ್ ಗೆದ್ದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ ಆತಿಥೇಯರನ್ನು 2-1ರಿಂದ ಸೋಲಿಸಿ, ಅರ್ಹತಾ ಸುತ್ತು ಆಡಿ ಗೆದ್ದು ಏಷ್ಯನ್ ಕಪ್‌ಗೆ ಮೊದಲ ಬಾರಿ ಕಾಲಿಟ್ಟಾಗಲೂ ಪ್ರಿಯಾ ಸಹಾಯಕ ಕೋಚ್ ಆಗಿ ತಂಡದ ಜೊತೆಗಿದ್ದರು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಅವರದು. ಆ ತಂಡದಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಹತ್ತಿರದ ಬಂಗಳಂ ಎಂಬ ಹಳ್ಳಿಯ ಹುಡುಗಿ ಮಾಳವಿಕಾ ಕೂಡ ಇದ್ದಳು. ಕಾಸರಗೋಡಿನ ಕೇಳುಗರಿಗೆ ಇದು ನಿಮ್ಮ ಮನೆಯ ಸುದ್ದಿ.

ಗೋವಾದ ಮೇಮೋಲ್ ರಾಕಿ ಅವರನ್ನೂ ಇಲ್ಲಿ ನೆನೆಯಲೇಬೇಕು. ಭಾರತಕ್ಕೆ ಆಡಿ, 2017ರಲ್ಲಿ ಹಿರಿಯರ ತಂಡದ ಮುಖ್ಯ ಕೋಚ್ ಆದವರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆ.

ಹೊರಗಿನ ಜಗತ್ತು ಹೇಗಿದೆ ಎಂದು ನೋಡಿದರೆ ಅಲ್ಲಿಯೂ ಹಾದಿ ಪೂರ್ತಿ ತೆರೆದಿಲ್ಲ. 2023ರ ಮಹಿಳಾ ವಿಶ್ವಕಪ್‌ನಲ್ಲಿ ಆಡಿದ್ದು 32 ದೇಶಗಳು. ಮುಖ್ಯ ಕೋಚ್ ಮಹಿಳೆಯಾಗಿದ್ದದ್ದು 12 ತಂಡಗಳಲ್ಲಿ. ಅವರಲ್ಲಿ ಫೈನಲ್ ತಲುಪಿದವರು ಇಂಗ್ಲೆಂಡಿನ ಕೋಚ್ ಸರೀನಾ ವೀಗ್ಮನ್. ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿ, ಆ ದೇಶಕ್ಕೆ ಮಿಡ್‌ಫೀಲ್ಡ್‌ನಲ್ಲಿ ಆಡಿ, ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. 2017ರಲ್ಲಿ ತಮ್ಮ ದೇಶಕ್ಕೆ ಯೂರೋ ಕಪ್ ಗೆದ್ದುಕೊಟ್ಟರು, 2022ರಲ್ಲೂ 2025ರಲ್ಲೂ ಇಂಗ್ಲೆಂಡಿಗೆ ಗೆದ್ದುಕೊಟ್ಟರು. ಶಾಲೆಯ ಪಿ.ಟಿ. ಟೀಚರ್! ನಮ್ಮ ಕಡೆ ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟರು ಕೇಳಿದ ಕೂಡಲೇ ಕೊಟ್ಟುಬಿಡುತ್ತೇವೆ.

ಕೋಚ್ ಹೆಣ್ಣಾದರೇನು, ಗಂಡಾದರೇನು ಎಂದು ಕೆಲವರು ಕೇಳುತ್ತಾರೆ. ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಒಳ್ಳೆಯ ಗಂಡಸು ಕೋಚ್‌ಗಳು ನಮ್ಮ ಹೆಣ್ಣುಮಕ್ಕಳ ಆಟವನ್ನು ಬೆಳೆಸಿದ್ದಾರೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ವ್ಯತ್ಯಾಸವಿದೆ. ಹನ್ನೆರಡು ಹದಿಮೂರರ ಹುಡುಗಿ ಒಂದು ದಿನ ಇದ್ದಕ್ಕಿದ್ದಂತೆ ಆಟಕ್ಕೆ ಬರುವುದನ್ನು ನಿಲ್ಲಿಸುತ್ತಾಳೆ. ಏಕೆ ಎಂದು ಗಂಡಸು ಕೋಚ್ ಕೇಳಲಾರ, ಕೇಳಿದರೂ ಅವಳು ಹೇಳಲಾರಳು. ತಾನೂ ಆ ವಯಸ್ಸು ದಾಟಿ ಆಡಿದವಳು ಕೇಳದೆಯೇ ಅರ್ಥಮಾಡಿಕೊಳ್ಳುತ್ತಾಳೆ, ಮನೆಗೆ ಹೋಗಿ ತಾಯಿಯ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಾಳೆ. ಮುಟ್ಟಿನ ದಿನಗಳಲ್ಲಿ ಎಷ್ಟು ಓಡಬೇಕು, ಏನು ತಿನ್ನಬೇಕು, ರಕ್ತಹೀನತೆ ಇದ್ದರೆ ಏನು ಮಾಡಬೇಕು ಎಂದು ನಾಚಿಕೆಯಿಲ್ಲದೆ ಹೇಳುತ್ತಾಳೆ. ಇನ್ನೊಂದು, ಮಂಡಿ. ಓಡುತ್ತ ಓಡುತ್ತ ತಟ್ಟನೆ ತಿರುಗಿದಾಗ ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಗಂಡಸರಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು. ಹರಿದರೆ ಆಟಕ್ಕೆ ಮರಳಲು ತಿಂಗಳುಗಟ್ಟಲೆ ಬೇಕು, ಎಷ್ಟೋ ಜನ ಮರಳುವುದೇ ಇಲ್ಲ. ಇದನ್ನು ತಡೆಯಲು ಫಿಫಾ ‘11+’ ಎಂಬ ವಾರ್ಮ್‌ಅಪ್ ಕ್ರಮ ರೂಪಿಸಿದೆ. ಇಪ್ಪತ್ತು ನಿಮಿಷದ ಕೆಲಸ, ದುಡ್ಡು ಬೇಡ, ಯಂತ್ರ ಬೇಡ. ಕಲಿತ ಕೋಚ್ ಒಬ್ಬರಿದ್ದರೆ ಸಾಕು.

ಹೇಳಲೇಬೇಕಾದ ಮತ್ತೊಂದು ಮಾತು ಇದೆ. ತಂದೆತಾಯಿಗಳು ಹೆಣ್ಣುಮಗಳನ್ನು ಶಿಬಿರಕ್ಕೆ, ಬೇರೆ ಊರಿಗೆ ಕಳಿಸಲು ಹೆದರುತ್ತಾರೆ. ಆ ಹೆದರಿಕೆಯನ್ನು ನಾನು ಹಳೆಯ ಕಾಲದ್ದೆಂದು ತಳ್ಳಿಹಾಕುವುದಿಲ್ಲ. 2022ರಲ್ಲಿ ನಮ್ಮ ದೇಶದಲ್ಲೇ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ನಡೆಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ, ತಂಡ ಯೂರೋಪ್ ಪ್ರವಾಸದಲ್ಲಿದ್ದಾಗ, ದುರ್ನಡತೆಯ ಆರೋಪದ ಮೇಲೆ ಸಹಾಯಕ ಕೋಚ್ ಒಬ್ಬನನ್ನು ವಾಪಸು ಕಳಿಸಿ ಕೆಲಸದಿಂದ ತೆಗೆಯಬೇಕಾಯಿತು. ಮಗು ತನ್ನ ಸಂಕಟ ಹೇಳಿಕೊಳ್ಳಲು ತಂಡದಲ್ಲಿ ಅಕ್ಕನಂಥವರು ಇರಲೇಬೇಕು. ಇದು ಸೌಜನ್ಯದ ವಿಷಯ ಅಲ್ಲ, ರಕ್ಷಣೆಯ ವಿಷಯ.

ಬೆಂಬೆಮ್ ಅವರ ಬದುಕಿಗೆ ಮತ್ತೆ ಬರುತ್ತೇನೆ. ಹುಡುಗನ ಹೆಸರಿಟ್ಟುಕೊಂಡು ಆಡಬೇಕಾದ ಆ ವಯಸ್ಸಿನಲ್ಲಿ ಅವರ ಎದುರಿಗೆ ಹೆಣ್ಣು ಕೋಚ್ ಒಬ್ಬರು ಇದ್ದಿದ್ದರೆ? ಬೋಬೋ ಆಗುವ ಅಗತ್ಯವೇ ಬೀಳುತ್ತಿರಲಿಲ್ಲ. ಅವರು ಕೋಚ್ ಆಗಿ ಮಾಡಿದ ದೊಡ್ಡ ಕೆಲಸ ಇದೇ ಎಂದು ನನಗನ್ನಿಸುತ್ತದೆ. ಕಪ್ಪುಗಳ ಮಾತು ಹಾಗಿರಲಿ, ಇವತ್ತು ಇಂಫಾಲದ ಹುಡುಗಿ ತನ್ನದೇ ಹೆಸರಿನಲ್ಲಿ, ತನ್ನದೇ ಜಡೆಯಲ್ಲಿ ಮೈದಾನಕ್ಕೆ ಬರಬಹುದು. ಬಂದರೆ ಅಲ್ಲಿ ಅವಳನ್ನು ಕಾಯುವವರು ಇದ್ದಾರೆ.

ನಮ್ಮ ಊರುಗಳಲ್ಲೂ ಇಂಥವರು ಇದ್ದಾರೆ. ಕಾಲೇಜು ತಂಡಕ್ಕೆ, ಜಿಲ್ಲಾ ತಂಡಕ್ಕೆ, ಕೆಲವರು ರಾಜ್ಯ ತಂಡಕ್ಕೂ ಆಡಿ, ಈಗ ಬ್ಯಾಂಕಿನಲ್ಲೋ ಶಾಲೆಯಲ್ಲೋ ಮನೆಯಲ್ಲೋ ಇರುವ ಹೆಣ್ಣುಮಕ್ಕಳು. ಅವರಿಗೆ ಮೈದಾನಕ್ಕೆ ಬನ್ನಿ ಎಂದು ಯಾರೂ ಹೇಳಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟು: ವಾರದಲ್ಲಿ ಎರಡು ಸಂಜೆ ಮೈದಾನವನ್ನು ಹುಡುಗಿಯರಿಗೇ ಮೀಸಲಿಡಿ, ಆಡಿ ಅನುಭವವಿರುವ ಒಬ್ಬ ಹೆಣ್ಣುಮಗಳನ್ನು ಕರೆಸಿ, ಬರಿಗೈಯಲ್ಲಿ ಕಳಿಸದೆ ಸಂಬಳ ಕೊಡಿ. ಹಳೆಯ ವಿದ್ಯಾರ್ಥಿ ಸಂಘಗಳು, ರೋಟರಿ, ಲಯನ್ಸ್‌ನಂಥ ಸಂಸ್ಥೆಗಳು ವರ್ಷಕ್ಕೆ ಒಬ್ಬಳ ಲೈಸೆನ್ಸ್ ಕೋರ್ಸಿನ ಶುಲ್ಕ ಹೊರಲಿ. ಆಡಿ ಬಿಟ್ಟ ಅಕ್ಕತಂಗಿಯರಲ್ಲಿ ಇನ್ನೊಂದು ವಿನಂತಿ. ಕರೆ ಬರಲಿ ಎಂದು ಕಾಯಬೇಡಿ. ನಿಮ್ಮ ಹತ್ತಿರದ ಶಾಲೆಗೆ ಹೋಗಿ, ನಾನು ಕಲಿಸುತ್ತೇನೆ ಎಂದು ಹೇಳಿ. ಈ ಸೋಮವಾರವೇ ಹೋಗಿ.